ಅಂಕಪಟ್ಟಿಯ ಹಿಂದಿರುವ ಗುಣಗಳೆಷ್ಟು?

ಪರೀಕ್ಷೆಗಳು ಮುಗಿದ ಮೇಲೆ ಉಪಾಧ್ಯಾಯರ ಮುಂದೆ ಉಳಿಯುವುದು ಒಂದು ಅಂಕಪಟ್ಟಿ. ಅಡ್ಡಸಾಲುಗಳಲ್ಲಿ ವಿದ್ಯಾರ್ಥಿಗಳು, ಕಂಬಸಾಲುಗಳಲ್ಲಿ ವಿಷಯಗಳು. ಗಣಿತಶಾಸ್ತ್ರವು ಇಂತಹ ಕೋಷ್ಟಕವನ್ನು ಮಾತೃಕೆ ಎಂದು ಕರೆಯುತ್ತದೆ. ಕಣ್ಣಿಗೆ ಕಾಣುವುದು ಅಂಕಗಳು ಮಾತ್ರ. ಅವುಗಳಿಗೆ ಕಾರಣವಾದ ಸಾಮರ್ಥ್ಯಗಳು ಮರೆಯಲ್ಲಿರುತ್ತವೆ. ಆ ಅವ್ಯಕ್ತ ಗುಣಗಳು ಒಂದೋ, ಏಳೋ, ಹನ್ನೆರಡೋ ಎಂಬ ಪ್ರಶ್ನೆಯು ಶಿಕ್ಷಣಕ್ಕೂ ಗಣಿತಕ್ಕೂ ಸಮಾನವಾಗಿ ಸೇರಿದುದು.

ಒಂದು ಸರಳ ಉದಾಹರಣೆಯಿಂದ ವಿಷಯವು ಸ್ಪಷ್ಟವಾಗುತ್ತದೆ. ಮೂವರು ವಿದ್ಯಾರ್ಥಿಗಳ ಸಾಮರ್ಥ್ಯ 2, 3, 4 ಎಂದೂ ಮೂರು ವಿಷಯಗಳ ತೂಕ 10, 15, 20 ಎಂದೂ ಭಾವಿಸೋಣ. ಇವನ್ನು ಗುಣಿಸಿದರೆ ಮೊದಲನೆಯವನಿಗೆ 20, 30, 40. ಎರಡನೆಯವನಿಗೆ 30, 45, 60. ಮೂರನೆಯವನಿಗೆ 40, 60, 80 ಅಂಕಗಳು ಬರುತ್ತವೆ. ಆರು ಸಂಖ್ಯೆಗಳಿಂದ ಒಂಬತ್ತು ಅಂಕಗಳು ಹುಟ್ಟಿದವು. ದೊರೆತ ಅಂಕಗಳಿಂದ ಹಿಂದಕ್ಕೆ ನಡೆದು ಆ ಮೂಲ ಸಂಖ್ಯೆಗಳನ್ನು ಕಾಣುವುದೇ ಮಾತೃಕೆಯ ಅಪವರ್ತನ. ನಿಜವಾದ ಪಟ್ಟಿಗಳು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲವಾದ್ದರಿಂದ ಎರಡನೆಯ, ಮೂರನೆಯ ಗುಣವನ್ನೂ ಕೂಡಿಸಬೇಕಾಗುತ್ತದೆ.

ಆದರೆ ಎಲ್ಲಿ ನಿಲ್ಲಬೇಕು? ನೂರು ವಿದ್ಯಾರ್ಥಿಗಳು, ಆರು ವಿಷಯಗಳಿದ್ದರೆ ಅಂಕಗಳು 600. ಒಂದು ಗುಣಕ್ಕೆ 106 ಸಂಖ್ಯೆಗಳು ಬೇಕು, ಎರಡಕ್ಕೆ 212, ಆರಕ್ಕೆ 636. ಆರು ಗುಣಗಳನ್ನು ಒಪ್ಪಿಕೊಂಡರೆ ಎಂತಹ ಪಟ್ಟಿಯನ್ನಾದರೂ ಲೋಪವಿಲ್ಲದೆ ಮರಳಿ ಪಡೆಯಬಹುದು; ಆದರೆ ಅದು ವಿವರಣೆಯಲ್ಲ, ಬರಿಯ ನಕಲು. ಗುಣಗಳು ಹೆಚ್ಚಿದಂತೆ ಹೊಂದಿಕೆಯೂ ಹೆಚ್ಚುತ್ತದೆಯಾದ್ದರಿಂದ ಹೊಂದಿಕೆಯೊಂದೇ ಪ್ರಮಾಣವಾಗಲಾರದು.

ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಶಾಲಾ ಬಾಲಕರ ಫಲಿತಾಂಶಗಳನ್ನು ಪರಿಶೀಲಿಸಿದನು. ಪ್ರಾಚೀನ ಭಾಷೆಗಳಿಗೂ ಫ್ರೆಂಚಿಗೂ ಇದ್ದ ಸಹಸಂಬಂಧ 0.83, ಪ್ರಾಚೀನ ಭಾಷೆಗಳಿಗೂ ಸಂಗೀತಕ್ಕೂ 0.63. ಇವೆಲ್ಲದರ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿಯಿದೆಯೆಂದು ಅವನು ಸಾರಿದನು. ಅಮೆರಿಕದ ಥರ್ಸ್ಟನ್ 1938ರಲ್ಲಿ 240 ವಿದ್ಯಾರ್ಥಿಗಳಿಗೆ 56 ಪರೀಕ್ಷೆಗಳನ್ನು ನೀಡಿ, ಭಾಷೆ, ಸಂಖ್ಯೆ, ಸ್ಮರಣೆ ಮೊದಲಾದ ಏಳು ಮೂಲಶಕ್ತಿಗಳನ್ನು ಹೆಸರಿಸಿದನು. ಇದು ಕೇವಲ ಪಂಡಿತರ ವಾದವಾಗಿರಲಿಲ್ಲ. 1944ರ ಶಿಕ್ಷಣ ಕಾಯಿದೆಯ ಅನಂತರ ಇಂಗ್ಲೆಂಡಿನಲ್ಲಿ ಹನ್ನೊಂದರ ವಯಸ್ಸಿನ ಮಕ್ಕಳನ್ನು, ಬುದ್ಧಿಪರೀಕ್ಷೆಯೂ ಸೇರಿದ್ದ ಪರೀಕ್ಷೆಗಳ ಆಧಾರದ ಮೇಲೆ, ಬೇರೆಬೇರೆ ಬಗೆಯ ಶಾಲೆಗಳಿಗೆ ಹಂಚಲಾಯಿತು. ಗುಣ ಒಂದೇ ಎಂದಾದರೆ ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಹುದು. ಹಲವು ಎಂದಾದರೆ ಹಾಗೆ ನಿಲ್ಲಿಸುವುದೇ ಅನ್ಯಾಯ.

ಗುಣಗಳನ್ನೆಣಿಸಲು ಹಲವು ಕ್ರಮಗಳು ಹುಟ್ಟಿದವು. ಒಂದು ಪರೀಕ್ಷೆಯಷ್ಟು ವ್ಯತ್ಯಾಸವನ್ನಾದರೂ ವಿವರಿಸಲಾರದ ಗುಣವನ್ನು ಬಿಡಬೇಕೆಂದು ಕೈಸರ್ 1960ರಲ್ಲಿ ಹೇಳಿದನು. ಈ ನಿಯಮವು ಅನೇಕ ವೇಳೆ ಗುಣಗಳನ್ನು ಹೆಚ್ಚಾಗಿ ಎಣಿಸುತ್ತದೆ. ಅದೇ ಅಳತೆಯ ಕೋಷ್ಟಕವನ್ನು ಮನಬಂದ ಸಂಖ್ಯೆಗಳಿಂದ ತುಂಬಿ, ಅಲ್ಲಿ ಆಕಸ್ಮಿಕವಾಗಿ ತೋರುವುದಕ್ಕಿಂತ ಬಲವಾದ ಗುಣಗಳನ್ನಷ್ಟೇ ಉಳಿಸಿಕೊಳ್ಳುವುದು 1965ರ ಹಾರ್ನನ ಕ್ರಮ. ಗುಣಗಳ ಬಲವನ್ನು ಇಳಿಕೆಯ ಕ್ರಮದಲ್ಲಿ ನಕ್ಷೆಗಿಳಿಸಿ, ಬೆಟ್ಟದ ಇಳಿಜಾರು ಮುಗಿದು ಬುಡದ ಕಲ್ಲುರಾಶಿ ಆರಂಭವಾಗುವೆಡೆ ನಿಲ್ಲಬೇಕೆಂಬುದು 1966ರ ಕ್ಯಾಟೆಲನ ಸೂಚನೆ.

ಇನ್ನೊಂದು ಕ್ರಮವು ಉಪಾಧ್ಯಾಯರಿಗೆ ಸಹಜವಾಗಿಯೇ ಒಪ್ಪುವಂಥದು. ಪಟ್ಟಿಯಲ್ಲಿ ಅಲ್ಲಲ್ಲಿ ಕೆಲವು ಅಂಕಗಳನ್ನು ಮುಚ್ಚಿಟ್ಟು, ಉಳಿದವುಗಳಿಂದ ಅವನ್ನು ಊಹಿಸಬೇಕು. ಗುಣಗಳು ಹೆಚ್ಚಿದಂತೆ ಊಹೆಯ ತಪ್ಪು ಮೊದಲು ಇಳಿದು, ಸಾಮಾನ್ಯವಾಗಿ ಮುಂದೆ ಏರತೊಡಗುತ್ತದೆ. ಅತ್ಯಲ್ಪ ತಪ್ಪಿನ ಎಡೆಯೇ ತಕ್ಕ ಸಂಖ್ಯೆ. ಆದರೆ ಒಬ್ಬ ವಿದ್ಯಾರ್ಥಿಯ ಇಡೀ ಸಾಲನ್ನೇ ಮುಚ್ಚಬಾರದು. ಆಗ ಅವನ ವಿಷಯವಾಗಿ ಊಹಿಸಲು ಆಧಾರವೇ ಉಳಿಯದು. 2006ರಿಂದ 2009ರವರೆಗೆ ನಡೆದ ನೆಟ್‌ಫ್ಲಿಕ್ಸ್ ಸ್ಪರ್ಧೆಯಲ್ಲಿ 4,80,189 ಪ್ರೇಕ್ಷಕರು 17,770 ಚಿತ್ರಗಳಿಗಿತ್ತ ಹತ್ತು ಕೋಟಿಗೂ ಮೀರಿದ ಅಂಕಗಳನ್ನು ಕೊಟ್ಟು, ಮುಚ್ಚಿಟ್ಟ ಅಂಕಗಳ ಊಹೆಯಿಂದಲೇ ಜಯವನ್ನು ನಿರ್ಣಯಿಸಲಾಯಿತು.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಲೆಕ್ಕದಿಂದ ದೊರೆಯುವ ಸಂಖ್ಯೆಯು ಮಗುವಿನೊಳಗಿನ ಶಕ್ತಿಗಳ ಸಂಖ್ಯೆಯಲ್ಲ. ಈ ಪಟ್ಟಿಯು ತೋರಿಸಬಲ್ಲ ಗುಣಗಳ ಸಂಖ್ಯೆ. ಹಾಡುಗಾರಿಕೆಗೆ, ಕೈಗೆಲಸಕ್ಕೆ, ಸೇವಾಭಾವಕ್ಕೆ ಪಟ್ಟಿಯಲ್ಲಿ ಕಂಬವೇ ಇಲ್ಲದಿದ್ದರೆ ಯಾವ ಗಣಿತವೂ ಅವನ್ನು ಹೊರತೆಗೆಯಲಾರದು. ಎಣಿಸುವುದನ್ನು ಗಣಿತಕ್ಕೆ ಬಿಡಬಹುದು. ಯಾವುದನ್ನು ಅಳೆಯಬೇಕೆಂಬ ಹೊಣೆ ಶಾಲೆಯದೇ.