ಕಚೇರಿಯ ಕಡತ ಎಲ್ಲಿರಬೇಕು?

ನಮ್ಮ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಅನೇಕರು ಗುಮಾಸ್ತರು. ಉಳಿದವರ ಹಾಜರಿ, ಸಂಬಳ, ಪ್ರಾವಿಡೆಂಟ್ ಫಂಡಿನ ಲೆಕ್ಕಗಳು ಅಂಥ ಗುಮಾಸ್ತರ ಕೈಯಲ್ಲೇ ಇರುತ್ತವೆ. ಆದುದರಿಂದ ಈ ಪಾಠ ಇಬ್ಬರಿಗೂ ಸೇರಿದ್ದು.

ಕಾಗದದ ಕಾಲದಲ್ಲಿ ಕೆಲಸ ಮುಗಿದ ಕಡತವು ದಫ್ತರಿನ ಕಪಾಟಿಗೆ ಹೋಗುತ್ತಿತ್ತು. ಈಗ ಕಡತವು ಕಂಪ್ಯೂಟರಿನಲ್ಲಿದೆ. ನಾವು ಡೆಸ್ಕ್‌ಟಾಪಿನ ಮೇಲೆ ಉಳಿಸಿದ್ದು ಸಾಮಾನ್ಯವಾಗಿ ಆ ಒಂದೇ ಯಂತ್ರದ ಡಿಸ್ಕಿನಲ್ಲಿರುತ್ತದೆ. ಅದು ಮೇಜಿನ ಖಾನೆಯಿದ್ದಂತೆ. ಕಚೇರಿಯ ಸರ್ವರಿನಲ್ಲಿ ಎಲ್ಲರಿಗೂ ತೆರೆದಿರುವ ಜಾಗವೇ ಷೇರ್ಡ್ ಡ್ರೈವು. ಅದು ದಫ್ತರಿನ ಕಪಾಟು.

ಗುಮಾಸ್ತನು ರಜೆಯ ಮೇಲೆ ಹೋದರೆ ಖಾನೆಯ ಬೀಗದ ಕೈಯಂತೆ ಅವನ ಪಾಸ್‌ವರ್ಡೂ ಅವನೊಡನೆ ಹೋಗುತ್ತದೆ. ಕೆಲಸ ಬಿಟ್ಟು ಊರಿಗೆ ಹೊರಟ ಕಾರ್ಮಿಕನು ಹಾಜರಿ ಪಟ್ಟಿಗಾಗಿ ಕಾಯಬೇಕಾಗುತ್ತದೆ. ಅವನ ಕೋಣೆಯ ಬಾಡಿಗೆಯೋ ಕಾಯುವುದಿಲ್ಲ. ಇನ್ನು ಡಿಸ್ಕೇ ಕೆಟ್ಟರೆ? ಅನೇಕ ಕಚೇರಿಗಳಲ್ಲಿ ಪ್ರತಿದಿನ ನಕಲು ತೆಗೆಯುವುದು ಸರ್ವರಿಗೆ ಮಾತ್ರ, ಮೇಜಿನ ಯಂತ್ರಗಳಿಗಲ್ಲ.

ಈ ಬಗ್ಗೆ ಮೇಲಿಂದ ಸುತ್ತೋಲೆ ಬರುತ್ತದೆ. ಕೆಲವು ದಿನ ಎಲ್ಲರೂ ಪಾಲಿಸುತ್ತಾರೆ, ಮತ್ತೆ ಹಳೆಯ ದಾರಿ. ಇದಕ್ಕೆ ಸೋಮಾರಿತನವನ್ನು ದೂರುವುದು ಸುಲಭ. ಆದರೆ ಕಾರಣಗಳು ಬೇರೆ ಇವೆ: ಡ್ರೈವಿನ ದಾರಿ ದೂರ, ಇತರರು ಕೆಡಿಸಿಯಾರೆಂಬ ಭಯ, ಇಟ್ಟದ್ದು ಮತ್ತೆ ಸಿಕ್ಕದೆಂಬ ಬೇಸರ. ಪರಿಹಾರವನ್ನೂ ಅದೇ ಕ್ರಮದಲ್ಲಿ ನೋಡೋಣ.

೧. ದಾರಿ ಹತ್ತಿರವಾಗಲಿ. ವಿಂಡೋಸ್ ಇರುವ ಕಚೇರಿಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಂಬ ಫೋಲ್ಡರುಗಳನ್ನೇ ಸರ್ವರಿಗೆ ತಿರುಗಿಸಿಡಬಹುದು. ಗುಮಾಸ್ತನು ಎಂದಿನಂತೆ ಉಳಿಸಿದರೂ ಕಡತವು ಸರ್ವರಿಗೆ ಸೇರುತ್ತದೆ. ಆದರೂ ಅದು ಅವನೊಬ್ಬನ ಪಾಲಿನ ಜಾಗವೇ. ಹತ್ತು ಮಂದಿಗೆ ಬೇಕಾದದ್ದನ್ನು ವಿಭಾಗದ ಫೋಲ್ಡರಿನಲ್ಲೇ ಇಡಬೇಕು.

೨. ಭಯ ಹೋಗಲಿ. ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಫೋಲ್ಡರಿಗೊಂದರಂತೆ ಗೊತ್ತುಮಾಡಲು ಸಾಧ್ಯವಿದೆ. ಸಂಬಳದ ಪಟ್ಟಿಯನ್ನು ಸಂಬಳದ ವಿಭಾಗದವರು ಮಾತ್ರ ತೆರೆಯುವಂತೆ ಮಾಡಬೇಕು. ಹಿಂದಿನ ಪ್ರತಿಗಳನ್ನು ಕಾದಿಡುವ ಏರ್ಪಾಡು ಸರ್ವರಿನಲ್ಲಿದ್ದರೆ, ತಪ್ಪಿ ಅಳಿಸಿದ್ದನ್ನೂ ಮರಳಿ ಪಡೆಯಬಹುದು.

೩. ಹೆಸರು ಸರಿಯಿರಲಿ. 'ಕೊನೆಯದು', 'ಹೊಸದು' ಎಂಬ ಹೆಸರುಗಳಿಂದ ನಾಳೆ ಯಾರಿಗೂ ತಿಳಿಯದು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ '೨೦೨೫-೦೩-೩೧ ಹಾಜರಿ' ಎಂದು ಬರೆದರೆ ಕಡತಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಫೋಲ್ಡರಿಗೆ ಕೆಲಸದ ಹೆಸರಿಡಿ, ವ್ಯಕ್ತಿಯ ಹೆಸರು ಬೇಡ. ವ್ಯಕ್ತಿಗೆ ವರ್ಗವಾಗುತ್ತದೆ, ಕೆಲಸ ಅಲ್ಲೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಷೇರ್ಡ್ ಡ್ರೈವೇ ಸರ್ವರಕ್ಷೆಯಲ್ಲ. ೨೦೧೭ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ದುಷ್ಟ ಪ್ರೋಗ್ರಾಮು ಹಲವು ದೇಶಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಥವು ಯಂತ್ರಕ್ಕೆ ಜೋಡಿಸಿದ ಡ್ರೈವುಗಳನ್ನೂ ಬಿಡುವುದಿಲ್ಲ. ಆದುದರಿಂದ ಜಾಲದಿಂದ ಬೇರ್ಪಡಿಸಿದ ಇನ್ನೊಂದು ನಕಲು ಅವಶ್ಯ. ಅದನ್ನು ಆಗಾಗ ತೆರೆದು ನೋಡುವುದೂ ಅಷ್ಟೇ ಅವಶ್ಯ.

ಗುಮಾಸ್ತ ಬಾಂಧವರೇ, ಸಂಜೆ ಮನೆಗೆ ಹೊರಡುವ ಮುನ್ನ ಡೆಸ್ಕ್‌ಟಾಪಿನ ಮೇಲೆ ಒಮ್ಮೆ ಕಣ್ಣಾಡಿಸಿ, ಕಪಾಟಿಗೆ ಸೇರಬೇಕಾದದ್ದನ್ನು ಸೇರಿಸಿ. ಕಾರ್ಮಿಕ ಬಾಂಧವರೇ, ಸಂಬಳದ ಚೀಟಿಯ ಒಂದು ಪ್ರತಿ ನಿಮ್ಮಲ್ಲೂ ಇರಲಿ. ನಾವು ಇಡುವ ಪ್ರತಿಯೊಂದು ಕಡತದ ಹಿಂದೆ ಒಬ್ಬರ ಅನ್ನವಿದೆಯೆಂಬುದನ್ನು ಮರೆಯದಿರೋಣ.