ಔಷಧ ಅಂಗಡಿ: ಸುರಕ್ಷತೆ ಮತ್ತು ಗುಣಮಟ್ಟದ ನಿಯಮಗಳು

ಭಾರತದಲ್ಲಿ ಔಷಧ ಮಾರಾಟಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1945ರ ನಿಯಮಾವಳಿ ಅನ್ವಯಿಸುತ್ತವೆ. ಫಾರ್ಮಸಿಸ್ಟರ ಶಿಕ್ಷಣ ಮತ್ತು ನೋಂದಣಿಗೆ ಇರುವುದು 1948ರ ಫಾರ್ಮಸಿ ಕಾಯ್ದೆ. ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ, ವೈದ್ಯರ ಚೀಟಿಯ ಮೇಲೆ ಔಷಧ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ. ಪ್ರಮಾಣಪತ್ರ ಗೋಡೆಯಲ್ಲಿ ತೂಗುಹಾಕಿ ಫಾರ್ಮಸಿಸ್ಟರೇ ಅಂಗಡಿಯಲ್ಲಿ ಇಲ್ಲದಿದ್ದರೆ ರೋಗಿಗೆ ರಕ್ಷಣೆ ಎಲ್ಲಿಯದು?

ಹೆಚ್ಚು ಗಮನ ಕೊಡಬೇಕಾದದ್ದು 1945ರ ನಿಯಮಾವಳಿಯ ಅನುಸೂಚಿಗಳಿಗೆ. ಅನುಸೂಚಿ ಎಚ್‌ನ ಔಷಧಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಪ್ರತಿಜೀವಕಗಳ ದುರ್ಬಳಕೆ ತಡೆಯಲು ಬಂದ ಎಚ್‌1 ಅನುಸೂಚಿ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಕ್ಷಯರೋಗದ ಮತ್ತು ಚಟ ಹಿಡಿಸಬಹುದಾದ ಕೆಲವು ಔಷಧಗಳೂ ಇದರಲ್ಲಿವೆ. ಎಚ್‌1 ಔಷಧಗಳ ಪೊಟ್ಟಣದ ಮೇಲೆ ಕೆಂಪು ಅಂಚಿನ ಚೌಕದೊಳಗೆ ಎಚ್ಚರಿಕೆ ಇರುತ್ತದೆ. ಅಂಗಡಿಯವರು ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಅನುಸೂಚಿ ಎಕ್ಸ್‌ಗೆ ಚೀಟಿಯ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯಲ್ಲಿ 2 ವರ್ಷ ಉಳಿಸಿಕೊಳ್ಳಬೇಕು.

ಸಂಗ್ರಹಣೆಯಲ್ಲೂ ಎಚ್ಚರ ಬೇಕು: ಇನ್ಸುಲಿನ್‌ನ ದಾಸ್ತಾನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸಿ ಕೊಡುವುದು ಅಪಾಯ, ಅದರ ಗುಣವೇ ಕೆಟ್ಟಿರುತ್ತದೆ. ಅವಧಿ ಮೀರಿದ ಔಷಧಗಳನ್ನು ಮಾರುವ ಸರಕಿನಿಂದ ಬೇರೆಯಾಗಿ ಇಡಬೇಕು.

ನಕಲಿ ಔಷಧ ಪತ್ತೆಗೆ ಅನುಸೂಚಿ ಎಚ್‌2ರಲ್ಲಿ ಪಟ್ಟಿಮಾಡಿದ 300 ಬ್ರಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ.