ಗುನ್ನೆ ನಂಬರ್ ಗೊತ್ತದೇನ್ರಿ?

2023ರ ಬೇಸಿಗೆಯಲ್ಲಿ ನಮ್ಮ ಸೋದರಮಾವನ ಬೈಕಿಗೆ ಟಂಟಂ ಆಟೊ ಗುದ್ದಿತು. ಬಲಗಾಲು ಮುರಿದು ಕಲಬುರಗಿಯ ಆಸ್ಪತ್ರೆ ಸೇರಿದ. ವಿಮೆ ಪರಿಹಾರದ ಕೇಸು ಹಾಕಬೇಕೆಂದಾಗ ವಕೀಲರು ಒಂದೇ ಮಾತು ಹೇಳಿದರು: “ಪೊಲೀಸ್ ಕಾಗದ ಎಲ್ಲಾ ತಗೊಂಡ್ ಬರ್ರಿ.” ಯಾದಗಿರಿ ಜಿಲ್ಲೆಯ ಶಹಾಪುರದ ಮೇಷ್ಟ್ರು ನಾನು, ಮನೆಯಲ್ಲಿ ಕಾಗದದ ಕೆಲಸ ಏನೇ ಬಂದರೂ ನನ್ನ ಕೊರಳಿಗೇ ಬೀಳುತ್ತದೆ. ಒಂದು ವಾರದಲ್ಲಿ ಮುಗಿಯುತ್ತದೆ ಅಂದುಕೊಂಡು ಹೊರಟೆ. ಹಿಡಿದದ್ದು ಎಂಟು ತಿಂಗಳು.

ಯಾವ ಠಾಣೆ ಅಂತ ಬರೆಯುವುದಿಲ್ಲ. ಜಿಲ್ಲೆಯದೇ ಒಂದು. ಬಾಗಿಲಲ್ಲಿ ಕೂತಿದ್ದ ರೈಟರ್ ತಲೆ ಎತ್ತದೆ ಕೇಳಿದರು, “ಗುನ್ನೆ ನಂಬರ್ ಗೊತ್ತದೇನ್ರಿ?” ಎಫ್‌ಐಆರ್‌ನ ನಂಬರು ಅದು, ನನಗೆ ಗೊತ್ತಿರಲಿಲ್ಲ. “ಫಿರ್ಯಾದಿ ಯಾರು?” ಮಾವನನ್ನು ಎತ್ತಿ ಆಸ್ಪತ್ರೆಗೆ ಹಾಕಿದ ಪಕ್ಕದ ಹೊಲದವರು. “ಹಂಗಾರ ಅವರಿಗೇ ಕಳಸ್ರಿ, ಕಾಪಿ ಫಿರ್ಯಾದಿಗೆ ಕೊಡ್ತೀವಿ.” ಕಾಲು ಮುರಿದದ್ದು ಮಾವನದು, ಕಾಗದದ ಹಕ್ಕು ಮಾತ್ರ ಬೇರೆಯವರದು! ಆವತ್ತು ನನಗೆ ರೇಗಿತ್ತು, ಆದರೆ ಅವರು ಹೇಳಿದ್ದು ಆಗಿನ ಕಾನೂನೇ. ಸಿಆರ್‌ಪಿಸಿ ಕಲಂ 154ರಲ್ಲಿ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕಾದದ್ದು ಮಾಹಿತಿ ಕೊಟ್ಟವನಿಗೆ ಮಾತ್ರ. ಅದರ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲಿ ‘ಅಥವಾ ಸಂತ್ರಸ್ತ’ ಎನ್ನುವುದು ಸೇರಿದೆ. ಹೊಸ ಕಾನೂನುಗಳ ಬಗ್ಗೆ ಊರೆಲ್ಲ ಏನೇನೋ ಮಾತಾಡುತ್ತದೆ, ಈ ಎರಡು ಪದದ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ.

ಆವತ್ತೇ ಇನ್ನೊಂದು ದಾರಿ ಇತ್ತು, ನನಗೆ ತಿಳಿದಿರಲಿಲ್ಲ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸರ ಜಾಲತಾಣಕ್ಕೆ ಹಾಕಬೇಕು ಅಂತ ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರ್ 7ರಂದೇ ಹೇಳಿದೆ. ನೆಟ್‌ವರ್ಕ್ ಸಿಗದ ಕಡೆ 72 ಗಂಟೆವರೆಗೂ ಸಡಿಲಿಕೆ ಇದೆ. ಲೈಂಗಿಕ ಅಪರಾಧ, ಪೋಕ್ಸೊದಂಥ ಸೂಕ್ಷ್ಮ ಪ್ರಕರಣ ಮಾತ್ರ ಹಾಕುವಂತಿಲ್ಲ. ಕೊನೆಗೆ ನಮ್ಮ ಶಾಲೆಯ ಕಂಪ್ಯೂಟರ್ ಹುಡುಗ ಜಿಲ್ಲೆ, ಠಾಣೆ, ವರ್ಷ ಒತ್ತಿ ಹತ್ತು ನಿಮಿಷದಲ್ಲಿ ತೆಗೆದುಕೊಟ್ಟ. ನಂಬರು ಸಿಕ್ಕಿತು.

ಉಳಿದದ್ದು ಪಂಚನಾಮೆ, ಸ್ಥಳದ ನಕ್ಷೆ, ಗಾಡಿ ತಪಾಸಣೆಯ ವರದಿ, ಗಾಯದ ಸರ್ಟಿಫಿಕೇಟು. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಮೇಷ್ಟ್ರ ಕೈ, ಸುಮ್ಮನಿರುತ್ತದೆಯೇ? ನಾಲ್ಕು ಪುಟ! ಟಂಟಂ ಚಾಲಕನನ್ನು ಯಾಕೆ ಬಿಟ್ಟಿರಿ, ಗಾಡಿ ಯಾಕೆ ಜಪ್ತಿ ಆಗಲಿಲ್ಲ, ಯಾರ ಒತ್ತಡ ಇತ್ತು ಅಂತ ಹನ್ನೊಂದು ಪ್ರಶ್ನೆ. ಹಿಂಬರಹ ಬಂತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎಣಿಸಿ ನೋಡಿದೆ, ನನ್ನದು ಆರುನೂರು ದಾಟಿತ್ತು. ಮಕ್ಕಳ ಪ್ರಬಂಧದಲ್ಲಿ ಪದಮಿತಿ ದಾಟಿದರೆ ಅಂಕ ಕಳೆಯುವವನು ನಾನೇ.

ಎರಡನೇ ಸಲ ಗುನ್ನೆ ನಂಬರು, ವರ್ಷ, ಠಾಣೆ, ಬೇಕಾದ ನಾಲ್ಕು ಕಾಗದದ ಹೆಸರು, ಇಷ್ಟೇ ಬರೆದೆ. ‘ಯಾಕೆ’ ಎನ್ನುವ ಪದ ಒಂದೂ ಇಲ್ಲ. ಯಾಕೆ ಎಂಬುದಕ್ಕೆ ಕಡತದಲ್ಲಿ ಉತ್ತರ ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ನಮಗಾಗಿ ಕೂತು ಬರೆಯುವ ಹೊಣೆ ಅವರಿಗಿಲ್ಲ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ (ಈಗ ಆ ಪೋಸ್ಟು ಇಲ್ಲ, 2025ರ ಸೆಪ್ಟೆಂಬರಿನಿಂದ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ). ಬಿಪಿಎಲ್ ಕಾರ್ಡಿನವರಾದರೆ ಆ ಹತ್ತೂ ಬೇಡ, ಕಾರ್ಡಿನ ಜೆರಾಕ್ಸ್ ಸಾಕು.

ಇಪ್ಪತ್ತೆಂಟನೇ ದಿನ ಉತ್ತರ ಬಂತು: ತನಿಖೆ ಹಂತದಲ್ಲಿದೆ, ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎಚ್) ಪ್ರಕಾರ ಕೊಡಲು ಬರುವುದಿಲ್ಲ. ಈ ಕಲಮಿನ ಬೆನ್ನು ಹತ್ತಿ ಓದಿದೆ. ತನಿಖೆಗೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಅಂತ ಇದೆಯೇ ಹೊರತು, ತನಿಖೆ ನಡೆಯುತ್ತಿದೆ ಅಂದಾಕ್ಷಣ ಬಾಗಿಲು ಹಾಕಿರಿ ಅಂತ ಇಲ್ಲ. ಭಗತ್ ಸಿಂಗ್ ಎನ್ನುವವರ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2007ರಲ್ಲೇ ಇದನ್ನು ಬಿಡಿಸಿ ಹೇಳಿದೆ: ಅಡ್ಡಿ ಹೇಗೆ ಆಗುತ್ತದೆಂದು ಅಧಿಕಾರಿ ಕಾರಣ ತೋರಿಸಬೇಕು. ಅದನ್ನೇ ಹಿಡಿದು 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿದೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಅದರ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ರೈಲು ಹತ್ತಬೇಕಿಲ್ಲ.

ಗೆದ್ದೆನೇ? ಕೇಳಬೇಡಿ. ಮೇಲ್ಮನವಿ ಇನ್ನೂ ಟೇಬಲ್ ಮೇಲಿರುವಾಗಲೇ ವಕೀಲರ ಕಿರಿಯರು ಚಹಾ ಕುಡಿಯುತ್ತ ಹೇಳಿದರು, “ಸರ್, ಚಾರ್ಜ್‌ಶೀಟ್ ಯಾವಾಗ್ಲೋ ಕೋರ್ಟಿಗೆ ಬಂದದ. ನಕಲು ಅರ್ಜಿ ಹಾಕ್ರಿ, ವಾರದಾಗ ಸಿಗ್ತದ.” ಹಾಗೇ ಆಯಿತು. ನಾನು ಠಾಣೆಯ ಜೊತೆ ಗುದ್ದಾಡುತ್ತಿದ್ದ ಕಾಗದ ಅಲ್ಲಿಂದ ಎದ್ದು ಕೋರ್ಟಿನ ಕಪಾಟಿನಲ್ಲಿ ಕೂತು ಎಷ್ಟೋ ದಿನವಾಗಿತ್ತು. ಶಹಾಪುರ, ಸುರಪುರ ಎರಡೂ ಕಡೆ ಜೆಎಂಎಫ್‌ಸಿ ಕೋರ್ಟು ಇವೆ, ಆಯಾ ಠಾಣೆಯ ಎಫ್‌ಐಆರ್ ಮೊದಲ ದಿನವೇ ಅಲ್ಲಿಗೆ ಹೋಗಿರುತ್ತದೆ. ಅದಾದ ಮೇಲೆ ಯಾರು ಬಂದು ಕೇಳಿದರೂ ನನ್ನ ಮೊದಲ ಪ್ರಶ್ನೆ ಇದೇ: ಕಾಗದ ಈಗ ಎಲ್ಲಿ ಕೂತದ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ತೊಡಕು ಇದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅದಕ್ಕೂ ಮುಂಚೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾಕ್ಕೆ, ಅಂದರೆ ಈಗಿನ ಕಲಬುರಗಿಗೆ ಸೇರಿದ್ದವು. ಪರಿಚಯದವರೊಬ್ಬರಿಗೆ ಹೊಲದ ಜಗಳದ 1998ರ ಕೇಸಿನ ಪ್ರತಿ ಬೇಕಿತ್ತು. ಠಾಣೆಯಲ್ಲಿ ‘ಅಲಭ್ಯ’ ಅಂದರು, ಯಾದಗಿರಿ ಕಚೇರಿಯಿಂದ ಮಾಹಿತಿ ಹಕ್ಕಿನ ಅರ್ಜಿ ಕಲಬುರಗಿಗೆ ವರ್ಗವಾಯಿತು. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಐದು ದಿನದೊಳಗೆ ಸರಿಯಾದ ಕಡೆ ಕಳಿಸಬೇಕೆಂದು ಕಲಂ 6(3) ಹೇಳುತ್ತದೆ, ಅಷ್ಟರ ಮಟ್ಟಿಗೆ ನಾವು ಅಲೆಯುವುದು ಉಳಿಯಿತು. ಅವಧಿ ಮುಗಿದು ಕಡತ ನಾಶಪಡಿಸಲಾಗಿದೆ ಎಂಬ ಉತ್ತರ ಬಂತು. ಹಾಗಾದರೆ ನಾಶಪಡಿಸಿದ ಆದೇಶದ ಪ್ರತಿ ಕೊಡಿರಿ ಅಂತ ಇನ್ನೊಂದು ಅರ್ಜಿ ಬರೆಸಿದೆ. ಅದು ಬಂತು. ಮೂಲ ಕಾಗದ ಇಲ್ಲ ಎನ್ನುವುದಕ್ಕೂ ಒಂದು ಕಾಗದ ಕೈಯಲ್ಲಿದ್ದರೆ ಕೋರ್ಟಿನಲ್ಲಿ ಮಾತಾಡಲು ಬರುತ್ತದೆ.

ಅದಕ್ಕೂ ಹಿಂದಿನದು, 1948ರ ಪೊಲೀಸ್ ಕಾರ್ಯಾಚರಣೆಗಿಂತ ಮುಂಚಿನ ನಿಜಾಮರ ಕಾಲದ್ದು ಹುಡುಕಿದರೆ ಉರ್ದು ಓದುವವರನ್ನು ಜೊತೆಗೆ ಕರೆದೊಯ್ಯಬೇಕು. ರಾಜ್ಯ ಹೋದರೂ ಮಾತು ಹೋಗಿಲ್ಲ. ಗುನ್ನೆ, ಫಿರ್ಯಾದಿ, ಮುದ್ದೆಮಾಲು, ಜಪ್ತಿ ಇವತ್ತಿಗೂ ನಮ್ಮ ಠಾಣೆಗಳ ಕನ್ನಡ.

ಮಾವನ ಕಾಗದ ಕೊನೆಗೆ ಕೋರ್ಟಿನಲ್ಲಿ ಸಿಕ್ಕಿತು ಅಂದಾಕ್ಷಣ ಮಾಹಿತಿ ಹಕ್ಕು ಉಪಯೋಗವಿಲ್ಲ ಅಂತಲ್ಲ. ಎಫ್‌ಐಆರ್ ಆಗದೇ ಹೋದ ದೂರುಗಳಿಗೆ ಅದರಷ್ಟು ಒಳ್ಳೆಯ ಮದ್ದು ಇಲ್ಲ. ಸುರಪುರ ಕಡೆಯ ರೈತರೊಬ್ಬರ ಪಂಪ್‌ಸೆಟ್ಟಿನ ಕೇಬಲ್ ಕಳುವಾಗಿತ್ತು. ದೂರು ಕೊಟ್ಟು ಆರು ತಿಂಗಳಾದರೂ ಸುದ್ದಿ ಇಲ್ಲ. ಅರ್ಜಿಯಲ್ಲಿ ಮೂರೇ ಸಾಲು ಬರೆದೆವು: ಇಂಥ ತಾರೀಖಿನ ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ, ಅರ್ಜಿ ರಿಜಿಸ್ಟರಿನ ಆ ಪುಟದ ಪ್ರತಿ, ಹಿಂಬರಹದ ಪ್ರತಿ. ದೂರು ಕೊಟ್ಟಾಗ ಪಡೆದ ಸ್ವೀಕೃತಿಯ ಜೆರಾಕ್ಸ್ ಹಚ್ಚಿದೆವು. ಮೂವತ್ತು ದಿನ ತುಂಬುವ ಮೊದಲೇ ಠಾಣೆಯಿಂದ ಫೋನ್ ಬಂತು, “ಯಜಮಾನ್ರೇ, ಬಂದು ಎಫ್‌ಐಆರ್ ಮಾಡಿಸ್ರಿ.” ಆ ಸ್ವೀಕೃತಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ಮಾವನ ಕಾಲು ಈಗಲೂ ಸ್ವಲ್ಪ ಎಳೆಯುತ್ತದೆ. ಕೇಸು ನಡೆದಿದೆ. ನಿಮ್ಮ ಮನೆಯಲ್ಲೂ ಒಂದು ಪೊಲೀಸ್ ಕೇಸು ಇದ್ದರೆ ಗುನ್ನೆ ನಂಬರು, ವರ್ಷ, ಠಾಣೆ, ಕಲಂ ಈ ನಾಲ್ಕನ್ನೂ ಇವತ್ತೇ ಒಂದು ಚೀಟಿಯಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ.